ಮಗುವನ್ನು ಕರೆದೊಯ್ದಿದ್ದಾರೆ, ತಾಯಿ ಈಗೇನು ಮಾಡಬೇಕು?

ಇಳಕಲ್ಲಿನ ನೇಕಾರರ ಓಣಿಯ ಒಂದು ಮನೆಯನ್ನು ಕಣ್ಣ ಮುಂದೆ ತಂದುಕೊಳ್ಳಿ. ಮನೆಯ ಯಜಮಾನ ಗೋವೆಗೆ ಗೌಂಡಿ ಕೆಲಸಕ್ಕೆ ಹೋಗಿ ಮೂರು ತಿಂಗಳಾಯಿತು. ತಾಯಿ ಬೆಳಗಿನ ನಮಾಝ್ ಮುಗಿಸಿ ಕಂಡಿಕೆ ಸುತ್ತಲು ಕುಳಿತರೆ ಏಳುವುದು ಮಧ್ಯಾಹ್ನಕ್ಕೆ. ಹನ್ನೆರಡು ವರ್ಷದ ಹಿರಿಯ ಮಗ ಶಾಲೆ ಬಿಟ್ಟು ಗ್ಯಾರೇಜೊಂದರಲ್ಲಿ ನಟ್ಟು ಬೋಲ್ಟು ಬಿಚ್ಚುವ ಕೆಲಸಕ್ಕೆ ಸೇರಿದ್ದಾನೆ. 'ಕೆಲಸವಾದರೂ ಕಲೀಲಿ ಬಿಡು' ಎಂದು ಮನೆಯವರೂ ಸುಮ್ಮನಾಗಿದ್ದಾರೆ. ಒಂದು ದಿನ ಪಕ್ಕದ ಮನೆಯ ಹುಡುಗ ಓಡೋಡಿ ಬಂದು, "ಖಾಲಾ, ನಿಮ್ಮ ಹುಡುಗನ್ನ ಜೀಪಿನ್ಯಾಗ ಕುಂದ್ರಿಸ್ಕೊಂಡು ಹೋದ್ರು" ಎನ್ನುತ್ತಾನೆ.

ಈ ಮನೆ ನಾನು ಊಹಿಸಿಕೊಂಡದ್ದು. ಆದರೆ ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ ಭಾಗದಲ್ಲಿ ಇಂಥ ಮನೆಯನ್ನು ಹುಡುಕಲು ನೀವು ಬಹಳ ದೂರ ಹೋಗಬೇಕಾಗಿಲ್ಲ. ಗ್ಯಾರೇಜು ಇಲ್ಲದಿದ್ದರೆ ಹೋಟೆಲು, ಹೋಟೆಲು ಇಲ್ಲದಿದ್ದರೆ ಕಲ್ಲಿನ ಕ್ವಾರಿ. ಗಂಡು ಮಗುವಿನ ವಿಷಯವಲ್ಲದಿದ್ದರೆ ಹದಿನಾರರ ಹುಡುಗಿಯ ನಿಕಾಹ್ ನಿಗದಿಯಾದ ಸುದ್ದಿ ಯಾರೋ 1098ಕ್ಕೆ ಫೋನ್ ಮಾಡಿ ತಿಳಿಸಿರುತ್ತಾರೆ. ಸರಕಾರದ ವಾಹನ ಬಂದು ಮಗುವನ್ನು ಕರೆದೊಯ್ದ ಮೇಲೆ ಆ ಮನೆಯಲ್ಲಿ ಏನಾಗುತ್ತದೆಂದು ನಮಗೆ ಗೊತ್ತು. ಒಬ್ಬರು ಎದೆ ಬಡಿದುಕೊಂಡು ಅಳುತ್ತಾರೆ. ಇನ್ನೊಬ್ಬರು, "ಅಲ್ಲಿಗೆ ಹೋದರೆ ನಮ್ಮನ್ನೂ ಒಳಗೆ ಹಾಕುತ್ತಾರೆ" ಎಂದು ಬಾಗಿಲು ಮುಚ್ಚುತ್ತಾರೆ. ಮೂರನೆಯವರು ಊರಿನ 'ಪುಢಾರಿ'ಯ ಮನೆಗೆ ಓಡುತ್ತಾರೆ. ಆತ, "ಸಾಹೇಬರಿಗೆ ಹೇಳಿ ಬಿಡಿಸಿಕೊಡುತ್ತೇನೆ, ಸ್ವಲ್ಪ ಖರ್ಚಾಗುತ್ತದೆ" ಎನ್ನುತ್ತಾನೆ.

ಸಹೋದರಿಯರೇ, ಈ ಮೂರರಲ್ಲಿ ಯಾವುದೂ ಮಗುವನ್ನು ಮನೆಗೆ ತರುವುದಿಲ್ಲ. ಅದರಲ್ಲೂ ಬಾಗಿಲು ಮುಚ್ಚಿಕೊಳ್ಳುವುದು ಎಲ್ಲಕ್ಕಿಂತ ಕೆಟ್ಟದ್ದು. ತಂದೆತಾಯಿ ಬರಲಿಲ್ಲ ಎಂಬುದು ಕಾಗದದಲ್ಲಿ ದಾಖಲಾಗುತ್ತದೆ. ಆ ಮೇಲೆ ಅದನ್ನು ಅಳಿಸುವುದು ಕಷ್ಟ.

ಪ್ರವಾದಿ ಮೂಸಾ(ಅ)ರ ತಾಯಿಯ ವೃತ್ತಾಂತ ನಿಮಗೆಲ್ಲ ತಿಳಿದದ್ದೇ. ಎದೆಯ ಕೂಸನ್ನು ನದಿಗೆ ಬಿಡಬೇಕಾಗಿ ಬಂದಾಗ ಆ ತಾಯಿ ಕೈಕಟ್ಟಿ ಕೂರಲಿಲ್ಲ. ದಡದ ಗುಂಟ ಹೋಗಿ ನೋಡಿಕೊಂಡು ಬಾ ಎಂದು ಮಗಳನ್ನು ಕಳಿಸಿದರು. ಮಗು ಯಾರ ಕೈ ಸೇರಿತೆಂದು ಆ ಹುಡುಗಿ ದೂರದಿಂದಲೇ ಕಂಡುಕೊಂಡಳು. ಕೂಸು ತಾಯಿಯ ಮಡಿಲಿಗೆ ಮರಳಲು ಅಲ್ಲಾಹನು ಆ ಹುಡುಗಿಯ ಎಚ್ಚರವನ್ನೇ ನೆಪ ಮಾಡಿದನು. ನೀವು ಮಾಡಬೇಕಾದ ಮೊದಲ ಕೆಲಸವೂ ಅದೇ. ಯಾರು ಕರೆದೊಯ್ದರು, ಎಲ್ಲಿಗೆ ಕರೆದೊಯ್ದರು, ಯಾವ ಕಾರಣಕ್ಕೆ ಎಂಬ ಮೂರು ಮಾತುಗಳನ್ನು ಅಂದೇ ತಿಳಿದುಕೊಳ್ಳಬೇಕು.

ಇಪ್ಪತ್ತನಾಲ್ಕು ಗಂಟೆ

ನಮ್ಮ ದೇಶದಲ್ಲಿ ಈ ವಿಷಯವನ್ನು ನೋಡಿಕೊಳ್ಳುವುದು 2015ರ ಬಾಲನ್ಯಾಯ ಕಾಯ್ದೆ. ಅದು ಜಾರಿಗೆ ಬಂದದ್ದು 2016ರ ಜನವರಿಯಲ್ಲಿ. ಪೊಲೀಸರಾಗಲಿ, ಕಾರ್ಮಿಕ ಇಲಾಖೆಯವರಾಗಲಿ, ಮಕ್ಕಳ ಸಹಾಯವಾಣಿಯವರಾಗಲಿ, ಯಾವುದೇ ಸಂಸ್ಥೆಯವರಾಗಲಿ ಮಗುವನ್ನು ಕರೆದೊಯ್ದರೆ, ಪ್ರಯಾಣದ ಸಮಯ ಬಿಟ್ಟು 24 ಗಂಟೆಯೊಳಗೆ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರುಪಡಿಸಲೇಬೇಕು. ತಮ್ಮಲ್ಲೇ ಇಟ್ಟುಕೊಳ್ಳುವ ಅಧಿಕಾರ ಅವರಿಗಿಲ್ಲ. ಮಗುವನ್ನು ಎಲ್ಲಿ ಇರಿಸಬೇಕು, ಯಾರಿಗೆ ಒಪ್ಪಿಸಬೇಕು ಎಂದು ತೀರ್ಮಾನಿಸುವುದು ಆ ಸಮಿತಿ ಮಾತ್ರ. ಆದುದರಿಂದ ಪುಢಾರಿಗೆ ಕೊಡುವ ಹಣ ನೀರಿನಲ್ಲಿ ಹೋಮ ಮಾಡಿದಂತೆಯೇ ಸರಿ.

ಈ ಸಮಿತಿ ಜಿಲ್ಲಾ ಮಟ್ಟದ್ದು. ಒಬ್ಬ ಅಧ್ಯಕ್ಷರು, ನಾಲ್ವರು ಸದಸ್ಯರು ಇರಬೇಕು. ಸದಸ್ಯರಲ್ಲಿ ಒಬ್ಬರಾದರೂ ಮಹಿಳೆ ಇರಬೇಕು. ಸಮಿತಿಗೆ ಪ್ರಥಮ ದರ್ಜೆ ಮ್ಯಾಜಿಸ್ಟ್ರೇಟರ ಅಧಿಕಾರವಿದೆ. ಆದರೆ ಅಲ್ಲಿ ಕಟಕಟೆ ಇರುವುದಿಲ್ಲ, ಪೊಲೀಸರು ಸಮವಸ್ತ್ರದಲ್ಲಿ ಮಗುವಿನ ಪಕ್ಕ ನಿಲ್ಲುವಂತಿಲ್ಲ. ತಿಂಗಳಿಗೆ ಕನಿಷ್ಠ ಇಪ್ಪತ್ತು ದಿನ ಸಭೆ ನಡೆಯಬೇಕೆಂಬುದು ಕಾಯ್ದೆಯ ಮಾತು. ಎಷ್ಟೋ ಕಡೆ ಸದಸ್ಯರ ಸ್ಥಾನ ಖಾಲಿ ಬಿದ್ದಿರುತ್ತದೆ, ಸಭೆ ಮುಂದಕ್ಕೆ ಹೋಗುತ್ತದೆ ಎಂಬುದೂ ಸುಳ್ಳಲ್ಲ. ಇಳಕಲ್ಲಿನಿಂದ, ಬಾದಾಮಿಯ ಹಳ್ಳಿಗಳಿಂದ ಜಿಲ್ಲಾ ಕೇಂದ್ರಕ್ಕೆ ಹೋಗಿಬರುವುದೆಂದರೆ ಕೂಲಿಯ ತಾಯಿಗೆ ಒಂದು ದಿನದ ಸಂಬಳ ಹೋಯಿತೆಂದೇ ಅರ್ಥ. ಹಾಗಿದ್ದರೂ ಹೋಗಬೇಕು. ಮೊದಲ ಸಭೆಗೇ ಹೋಗಬೇಕು.

ಒಂದು ಮಾತು ಇಲ್ಲಿಯೇ ಹೇಳಿಬಿಡುತ್ತೇನೆ. ಮಗುವನ್ನು ಕರೆದೊಯ್ದವರೆಲ್ಲ ನಮ್ಮ ಶತ್ರುಗಳಲ್ಲ. ಕುಡಿದು ಬಂದು ಮಗುವಿಗೆ ಕಬ್ಬಿಣ ಕಾಯಿಸಿ ಬರೆ ಹಾಕುವ ತಂದೆ ಇದ್ದಾನೆ. ಮನೆಯೊಳಗಿನ ನೆಂಟನಿಂದಲೇ ಕೆಡುಕನ್ನು ಅನುಭವಿಸಿ ಬಾಯಿಬಿಡಲಾಗದ ಹುಡುಗಿಯರಿದ್ದಾರೆ. ಅಂಥ ಮಗುವಿಗೆ ಆ ಜೀಪು ರಹ್ಮತ್ತೇ ಆಗಿರಬಹುದು. ಮಕ್ಕಳು ನಮಗೆ ಒಪ್ಪಿಸಲ್ಪಟ್ಟ ಅಮಾನತ್ತೇ ಹೊರತು ಸೊತ್ತಲ್ಲ. ಆದರೆ ಬಡತನ ಬೇರೆ, ಕ್ರೌರ್ಯ ಬೇರೆ. ಈ ಎರಡನ್ನು ಬೇರ್ಪಡಿಸಿ ನೋಡದಿದ್ದಾಗಲೇ ಅನ್ಯಾಯವಾಗುವುದು. ಕೇವಲ ಬಡತನದ ಕಾರಣಕ್ಕೆ ಮಗುವನ್ನು ಕುಟುಂಬದಿಂದ ಬೇರ್ಪಡಿಸಬಾರದೆಂದು 2009ರಲ್ಲಿ ವಿಶ್ವಸಂಸ್ಥೆಯ ಮಾರ್ಗಸೂಚಿಯೇ ಹೇಳಿದೆ. ನಮ್ಮ ಕಾಯ್ದೆಯೂ ಅದೇ ದಾರಿಯದ್ದು. ಮಗುವನ್ನು ಸಾಕುವ ಮೊದಲ ಹೊಣೆ ಹೆತ್ತವರದ್ದು, ಸಂಸ್ಥೆಯಲ್ಲಿ ಇರಿಸುವುದು ಕೊನೆಯ ಉಪಾಯ, ಮಗುವನ್ನು ಮನೆಗೆ ಮರಳಿಸುವುದೇ ಮುಖ್ಯ ಗುರಿ ಎಂಬ ಮಾತುಗಳು ಅದರಲ್ಲಿಯೇ ಇವೆ. ಸಮಿತಿಯ ಮುಂದೆ ನಿಂತಾಗ ನಿಮ್ಮ ಬೆನ್ನಿಗಿರುವುದು ಈ ಮಾತುಗಳೇ.

ಸಮಿತಿಯ ಮುಂದೆ

ಹಾಗಾದರೆ ತಾಯಿಗೆ ಅಲ್ಲಿ ಯಾವ ಹಕ್ಕಿದೆ? ಮೊದಲನೆಯದಾಗಿ, ನಿಮ್ಮ ಮಾತನ್ನು ಕೇಳದೆ ತೀರ್ಮಾನ ಮಾಡಬಾರದು. ಸಹಜ ನ್ಯಾಯದ ತತ್ವವನ್ನು ಕಾಯ್ದೆ ಹೆಸರಿಸಿಯೇ ಹೇಳಿದೆ. ಮಗುವಿಗೂ ತನ್ನ ಮನಸ್ಸಿನ ಮಾತು ಹೇಳುವ ಹಕ್ಕಿದೆ. 'ನಾನು ಅಮ್ಮನ ಹತ್ತಿರ ಹೋಗಬೇಕು' ಎಂದು ಮಗು ಹೇಳಿದರೆ ಅದಕ್ಕೆ ಬೆಲೆಯಿದೆ. ಹೋಗುವುದಿಲ್ಲ ಎಂದರೂ ಬೆಲೆಯಿದೆ, ಅದನ್ನು ಕೇಳುವ ಗಟ್ಟಿತನ ನಮಗೂ ಬೇಕು.

ಸಮಿತಿ ಅಂದೇ ಮಗುವನ್ನು ಬಿಟ್ಟುಕೊಡದೆ ಬಾಲಮಂದಿರಕ್ಕೆ ಕಳಿಸಬಹುದು. ಗಾಬರಿಯಾಗಬೇಡಿ, ಅದು ಕೊನೆಯ ತೀರ್ಪಲ್ಲ. ಬಳಿಕ ಒಬ್ಬ ಸಮಾಜ ಕಾರ್ಯಕರ್ತರೋ ಮಕ್ಕಳ ರಕ್ಷಣಾ ಘಟಕದ ಸಿಬ್ಬಂದಿಯೋ ನಿಮ್ಮ ಮನೆಗೆ ಬಂದು ವಿಚಾರಿಸಿ ಸಾಮಾಜಿಕ ತನಿಖಾ ವರದಿ ಬರೆಯುತ್ತಾರೆ. ಅದನ್ನು 15 ದಿನಗಳೊಳಗೆ ಮುಗಿಸಬೇಕು, ಮಗುವನ್ನು ಮೊದಲು ಹಾಜರುಪಡಿಸಿದ ದಿನದಿಂದ ನಾಲ್ಕು ತಿಂಗಳೊಳಗೆ ಸಮಿತಿ ಅಂತಿಮ ಆದೇಶ ಕೊಡಬೇಕು. ಎಲ್ಲವೂ ನಿಂತಿರುವುದು ಈ ವರದಿಯ ಮೇಲೆ. ಆದರೆ ನಮ್ಮ ಮನೆಗಳಲ್ಲಿ ಏನಾಗುತ್ತದೆ? ಗಂಡಸರಿಲ್ಲದಾಗ ಅಪರಿಚಿತರು ಬಂದರೆಂದು ತಾಯಿ ಒಳಗಿನಿಂದಲೇ "ಯಾರೂ ಇಲ್ಲ" ಎನ್ನುತ್ತಾರೆ. ಬಂದವರು 'ಮನೆಯವರು ಸಹಕರಿಸಲಿಲ್ಲ' ಎಂದು ಬರೆದುಕೊಂಡು ಹೋಗುತ್ತಾರೆ! ಪರ್ದಾ ಬಿಡಿ ಎಂದು ನಾನು ಹೇಳುತ್ತಿಲ್ಲ. ಪಕ್ಕದ ಮನೆಯ ಹಿರಿಯ ಹೆಂಗಸನ್ನೋ ಅಂಗನವಾಡಿ ಕಾರ್ಯಕರ್ತೆಯನ್ನೋ ಕರೆದು ಜೊತೆಗೆ ಕೂರಿಸಿಕೊಳ್ಳಿ, ಮಹಿಳಾ ಸಿಬ್ಬಂದಿಯನ್ನು ಕಳಿಸಿರೆಂದು ಕೇಳಿ. ಆದರೆ ಮಾತನಾಡಿ. ಮಗು ಎಲ್ಲಿ ಮಲಗುತ್ತದೆ, ಏನು ಉಣ್ಣುತ್ತದೆ, ಶಾಲೆ ಯಾಕೆ ಬಿಟ್ಟಿತು ಎಂದು ಇದ್ದದ್ದು ಇದ್ದ ಹಾಗೆ ಹೇಳಿ. ಸಾಲವಿದೆ ಎಂದು ಹೇಳಲು ನಾಚಿಕೆ ಬೇಡ.

ಸಮಿತಿ ಕೊಡುವ ಪ್ರತಿ ಆದೇಶದ ಪ್ರತಿಯನ್ನು ಕೇಳಿ ಪಡೆಯಿರಿ. ಬಾಯಿಮಾತಿನ "ಮುಂದಿನ ವಾರ ಬನ್ನಿ" ಎಂಬುದು ಆದೇಶವಲ್ಲ. ಮಗು ಬಾಲಮಂದಿರದಲ್ಲಿದ್ದರೆ ಹೋಗಿ ನೋಡಲು ನಿಯಮಗಳಲ್ಲಿ ಅವಕಾಶವಿದೆ. ಭೇಟಿಯ ದಿನ ಕೇಳಿಕೊಂಡು ಹೋಗಿ, ಹೋದಾಗಲೆಲ್ಲ ಅಲ್ಲಿನ ಪುಸ್ತಕದಲ್ಲಿ ಹೆಸರು ಬರೆಸಿ ಸಹಿ ಅಥವಾ ಹೆಬ್ಬೆಟ್ಟು ಹಾಕಿ. ತಾಯಿ ಎಷ್ಟು ಸಲ ಬಂದಳು ಎಂಬುದಕ್ಕೆ ಅದಕ್ಕಿಂತ ದೊಡ್ಡ ಸಾಕ್ಷಿ ಇನ್ನೊಂದಿಲ್ಲ. ಪತ್ರಿಕೆಯವರೋ ಮೊಬೈಲಿನವರೋ ಮಗುವಿನ ಫೋಟೋ, ಹೆಸರು ಹಾಕಿದರೆ ಅದು ಅಪರಾಧ. ನಮ್ಮವರೇ 'ನ್ಯಾಯ ಕೊಡಿ' ಎಂದು ವಾಟ್ಸಾಪಿನಲ್ಲಿ ಮಗುವಿನ ಮುಖ ಹಂಚುತ್ತಾರಲ್ಲ, ಅದೂ ತಪ್ಪೇ.

ಆದೇಶ ನಿಮಗೆ ಒಪ್ಪಿಗೆಯಾಗದಿದ್ದರೆ 30 ದಿನಗಳೊಳಗೆ ಮಕ್ಕಳ ನ್ಯಾಯಾಲಯಕ್ಕೆ ಮೇಲ್ಮನವಿ ಹಾಕಬಹುದು. ಸಮಿತಿಯ ನಡವಳಿಕೆಯ ಬಗ್ಗೆಯೇ ದೂರಿದ್ದರೆ ಅದನ್ನು ಕೇಳಬೇಕಾದವರು ಜಿಲ್ಲಾಧಿಕಾರಿ. ಅದರ ಮೇಲೆ ಹೈಕೋರ್ಟಿದೆ. ಬಾಗಲಕೋಟೆ ಜಿಲ್ಲೆಯವರು ಬೆಂಗಳೂರಿಗೆ ಹೋಗಬೇಕಾಗಿಲ್ಲ, ಧಾರವಾಡದ ಪೀಠ ಸಾಕು. ವಕೀಲರಿಗೆ ಕೊಡಲು ಹಣವೆಲ್ಲಿ ಎನ್ನುತ್ತೀರಾ? 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ ಪ್ರಕಾರ ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇರಲಿ ವಕೀಲರ ನೆರವು ಉಚಿತ. ಗಂಡಸಿಗಾದರೆ ಆದಾಯದ ಮಿತಿ ನೋಡುತ್ತಾರೆ, ಹೆಂಗಸಿಗೆ ಕೇಳುವಂತಿಲ್ಲ. ಹೀಗಾಗಿ ಅರ್ಜಿ ತಾಯಿಯ ಹೆಸರಿನಲ್ಲಿಯೇ ಇರಲಿ. ಬಾಗಲಕೋಟೆಯ ಜಿಲ್ಲಾ ನ್ಯಾಯಾಲಯದಲ್ಲಿ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರವಿದೆ, ತಾಲೂಕು ನ್ಯಾಯಾಲಯಗಳಲ್ಲಿ ಅದರ ಸಮಿತಿಗಳಿವೆ. 15100ಕ್ಕೆ ಫೋನ್ ಮಾಡಿದರೂ ದಾರಿ ತೋರಿಸುತ್ತಾರೆ.

ಮೈಬೂಬನೋ ಮಹಬೂಬನೋ?

ಇನ್ನು ಕಾಗದಪತ್ರಗಳ ಗೋಳು. ನಮ್ಮಲ್ಲಿ ಒಂದೇ ಹುಡುಗ ಶಾಲೆಯಲ್ಲಿ ಮೈಬೂಬ, ಆಧಾರಿನಲ್ಲಿ ಮಹಬೂಬಸಾಬ, ರೇಷನ್ ಕಾರ್ಡಿನಲ್ಲಿ ಬರೇ ಮಾಬೂಸಾಬ. ತಾಯಿ ಒಂದು ಕಡೆ ಬೀಬಿ, ಇನ್ನೊಂದು ಕಡೆ ಬೇಗಂ. ಮನೆತನದ ಹೆಸರು ಒಂದು ಕಾಗದದಲ್ಲಿ ನದಾಫ, ಮತ್ತೊಂದರಲ್ಲಿ ಪಿಂಜಾರ. ಬರೆದುಕೊಂಡವರ ಕೈಗೆ ಬಂದ ಹಾಗೆ ನಮ್ಮ ಹೆಸರು! ಊರಿನಲ್ಲಿ ಇದರಿಂದ ಯಾರಿಗೂ ತೊಂದರೆಯಿಲ್ಲ. ಆದರೆ ಸಮಿತಿಯ ಮುಂದೆ 'ಈ ಮಗು ಈ ತಾಯಿಯದೇ ಎಂಬುದಕ್ಕೆ ಏನು ಸಾಕ್ಷಿ?' ಎಂಬ ಪ್ರಶ್ನೆ ಬಂದರೆ ಈ ಅಕ್ಷರಗಳ ವ್ಯತ್ಯಾಸವೇ ವಾರಗಟ್ಟಲೆ ಅಲೆದಾಡಿಸುತ್ತದೆ. ಹೆರಿಗೆಯ ತಾಯಿ ಕಾರ್ಡು, ಜನನ ಪ್ರಮಾಣಪತ್ರ, ಶಾಲೆಯ ದಾಖಲಾತಿ, ರೇಷನ್ ಕಾರ್ಡು, ಕುಟುಂಬದ ಒಂದು ಫೋಟೋ, ಇವಿಷ್ಟನ್ನು ಒಂದು ಪ್ಲಾಸ್ಟಿಕ್ ಚೀಲದಲ್ಲಿ ಇಡಿ. ಮಗುವಿನ ವಯಸ್ಸಿನ ಬಗ್ಗೆ ತಕರಾರು ಬಂದರೆ ಕಾಯ್ದೆ ಮೊದಲು ನೋಡುವುದು ಶಾಲೆಯ ಜನ್ಮದಿನಾಂಕವನ್ನು ಅಥವಾ ಹತ್ತನೆಯ ತರಗತಿಯ ಪ್ರಮಾಣಪತ್ರವನ್ನು, ಅದಿಲ್ಲದಿದ್ದರೆ ಪುರಸಭೆ ಅಥವಾ ಪಂಚಾಯತಿಯ ಜನನ ಪ್ರಮಾಣಪತ್ರವನ್ನು, ಅದೂ ಇಲ್ಲದಿದ್ದರೆ ವೈದ್ಯಕೀಯ ಪರೀಕ್ಷೆಯನ್ನು. ಆ ಪಟ್ಟಿಯಲ್ಲಿ ಆಧಾರ್ ಇಲ್ಲ. ಶಾಲೆಗೆ ಸೇರಿಸುವಾಗ ಮಾಸ್ತರರು ಜೂನ್ ಒಂದು ಎಂದು ಬರೆದುಕೊಂಡರೆ ನಕ್ಕು ಸುಮ್ಮನಾಗಬೇಡಿ.

ತಂದೆ ಊರಲ್ಲಿಲ್ಲ ಎಂಬುದು ಇನ್ನೊಂದು ಚಿಂತೆ. ತಾಯಿ ಒಬ್ಬಳೇ ಹೋದರೆ ಮಗುವನ್ನು ಕೊಡುತ್ತಾರೆಯೇ? ಕೊಡಬಹುದು. ತಂದೆತಾಯಿ ಇಬ್ಬರೂ ಮಂಗಳೂರಿಗೋ ಉಡುಪಿಗೋ ದುಡಿಯಲು ಹೋಗಿ ಮಗು ದಾದಿಯ ಬಳಿ ಬೆಳೆಯುತ್ತಿದ್ದರೆ ದಾದಿಯೂ ಹೋಗಬಹುದು. ಮಗುವನ್ನು ನಿಜವಾಗಿ ನೋಡಿಕೊಳ್ಳುತ್ತಿರುವವರನ್ನು ಪೋಷಕರೆಂದು ಒಪ್ಪಿಕೊಳ್ಳುವ ಅಧಿಕಾರ ಸಮಿತಿಗಿದೆ. ಆದರೆ ತಲಾಕ್ ಆದ ಮೇಲೆ ಮಗು ತಾಯಿಯ ಬಳಿ ಇರಬೇಕೋ ತಂದೆಯ ಬಳಿ ಇರಬೇಕೋ ಎಂಬ ಜಗಳ ಈ ಸಮಿತಿಯ ಕೆಲಸವಲ್ಲ. ಅದು ಕೌಟುಂಬಿಕ ನ್ಯಾಯಾಲಯದ್ದು. ಸಿಟ್ಟಿನ ಭರದಲ್ಲಿ ಒಬ್ಬರ ಮೇಲೊಬ್ಬರು 1098ಕ್ಕೆ ಸುಳ್ಳು ದೂರು ಕೊಟ್ಟರೆ ನಡುವೆ ಮಗು ಬಾಲಮಂದಿರದಲ್ಲಿ ಕೂರಬೇಕಾಗುತ್ತದೆ.

ದುಡಿಮೆ, ನಿಕಾಹ್, ವಲಸೆ

ಮತ್ತೆ ನಮ್ಮ ಇಳಕಲ್ಲಿನ ಹುಡುಗನ ಬಳಿಗೆ ಬರೋಣ. 14 ವರ್ಷದೊಳಗಿನ ಮಗುವನ್ನು ಕೆಲಸಕ್ಕಿಡುವುದು 1986ರ ಕಾಯ್ದೆಯ 2016ರ ತಿದ್ದುಪಡಿಯಂತೆ ಅಪರಾಧ. 14ರಿಂದ 18ರವರೆಗಿನವರನ್ನು ಗಣಿಯಂಥ ಅಪಾಯದ ಕೆಲಸಕ್ಕೆ ಹಚ್ಚುವಂತಿಲ್ಲ. ಶಿಕ್ಷೆ ಮುಖ್ಯವಾಗಿ ಕೆಲಸಕ್ಕಿಟ್ಟುಕೊಂಡ ಮಾಲೀಕನಿಗೆ, ಆರು ತಿಂಗಳಿನಿಂದ ಎರಡು ವರ್ಷದವರೆಗೆ ಸೆರೆ ಅಥವಾ 20 ಸಾವಿರದಿಂದ 50 ಸಾವಿರದವರೆಗೆ ದಂಡ, ಇಲ್ಲವೇ ಎರಡೂ. ತಂದೆತಾಯಿಗೆ ಕಾಯ್ದೆ ಸ್ವಲ್ಪ ಮೆತ್ತಗಿದೆ, ತಪ್ಪನ್ನು ಮತ್ತೆ ಮತ್ತೆ ಮಾಡಿದರೆ 10 ಸಾವಿರದವರೆಗೆ ದಂಡ. ಹೀಗಾಗಿ 'ಹೋದರೆ ಒಳಗೆ ಹಾಕುತ್ತಾರೆ' ಎಂಬ ಭಯದಿಂದ ಅಡಗಿಕೊಳ್ಳುವುದು ಬೇಡ. ಇಂಥ ಪ್ರಕರಣದಲ್ಲಿ ಶಾಲೆಗೆ ಕಳಿಸುತ್ತೇವೆಂದು ತಂದೆತಾಯಿ ಬರೆದುಕೊಟ್ಟರೆ ಮಗುವನ್ನು ಒಪ್ಪಿಸುವುದು ಸಾಮಾನ್ಯ. ಆ ಮುಚ್ಚಳಿಕೆಯನ್ನು ಓದಿಸಿ ಕೇಳಿ ಸಹಿ ಹಾಕಿ, ಮತ್ತು ಅದರಂತೆ ನಡೆಯಿರಿ. ಎರಡನೆಯ ಸಲ ಅದೇ ಗ್ಯಾರೇಜಿನಲ್ಲಿ ಸಿಕ್ಕಿದರೆ ಸಮಿತಿ ನಿಮ್ಮ ಮಾತನ್ನು ಯಾಕೆ ನಂಬಬೇಕು? ಮನೆಯ ಮಗ್ಗದಲ್ಲಿ ಮಗು ಕೈ ಹಚ್ಚಿದರೆ? ಸ್ವಂತ ಮನೆಯ ಕೆಲಸಕ್ಕೆ ಶಾಲೆ ಬಿಟ್ಟ ಮೇಲೆ ಅಥವಾ ರಜೆಯಲ್ಲಿ ಚಿಕ್ಕಪುಟ್ಟ ನೆರವಿಗೆ ವಿನಾಯಿತಿ ಇದೆ, ಸಂಜೆ 7ರಿಂದ ಬೆಳಿಗ್ಗೆ 8ರ ನಡುವೆ ಅದೂ ಇಲ್ಲ. ಸೀರೆ ಮುಗಿಸಿಕೊಡುವ ಅವಸರದಲ್ಲಿ ರಾತ್ರಿ ಮಗುವನ್ನು ಮಗ್ಗಕ್ಕೆ ಕೂರಿಸುವುದು ಯಾವ ವಿನಾಯಿತಿಯೊಳಗೂ ಬರುವುದಿಲ್ಲ.

ನಿಕಾಹ್‌ನ ವಿಷಯದಲ್ಲಿ ಕಾಯ್ದೆ ಹೀಗೆ ಮೆತ್ತಗಿಲ್ಲ. 18 ತುಂಬುವ ಮೊದಲೇ ಮದುವೆಯಾಗುವ ಅಪಾಯದಲ್ಲಿರುವ ಹುಡುಗಿಯನ್ನು ಬಾಲನ್ಯಾಯ ಕಾಯ್ದೆ 'ರಕ್ಷಣೆ ಬೇಕಾದ ಮಗು' ಎಂದೇ ಕರೆದಿದೆ. ಕರ್ನಾಟಕದ ತಿದ್ದುಪಡಿಯಂತೆ ಅಂಥ ಮದುವೆ ಮೊದಲಿನಿಂದಲೇ ಅಸಿಂಧು. ನಮ್ಮ ಶರೀಅತ್ ಕಾನೂನು ಬೇರೆ ಎಂದು ವಾದಿಸಿದವರಿದ್ದಾರೆ, ಪೋಕ್ಸೋ ಕಾಯ್ದೆ ವೈಯಕ್ತಿಕ ಕಾನೂನಿಗಿಂತ ಮೇಲೆಂದು 2022ರಲ್ಲಿ ಕರ್ನಾಟಕ ಹೈಕೋರ್ಟೇ ಹೇಳಿದೆ. ನಿಕಾಹ್ ಓದಿಸಿದ ಖಾಝಿ, ಒಪ್ಪಿಕೊಂಡ ತಂದೆ, ಮದುಮಗ ಎಲ್ಲರಿಗೂ ಪ್ರಕರಣ ಸುತ್ತಿಕೊಳ್ಳುತ್ತದೆ. ಆ ಮೇಲೆ ಮಗಳನ್ನು ಮರಳಿ ಪಡೆಯುವುದು ಗ್ಯಾರೇಜಿನ ಹುಡುಗನನ್ನು ಪಡೆದಷ್ಟು ಸುಲಭವಲ್ಲ. ಒಂದು ಒಳ್ಳೆಯ ಸಂಬಂಧ ಎರಡು ವರ್ಷ ಕಾಯದೆಂದಾದರೆ ಅದು ಎಂಥ ಒಳ್ಳೆಯ ಸಂಬಂಧ?

ವಲಸೆಯ ಮನೆಗಳಿಗೆ ಒಂದು ಮಾತು. ಬಾದಾಮಿ, ಹುನಗುಂದದ ಎಷ್ಟೋ ಕುಟುಂಬಗಳು ಕರಾವಳಿಯಲ್ಲೋ ಗೋವೆಯಲ್ಲೋ ಶೆಡ್ಡು ಹಾಕಿಕೊಂಡು ದುಡಿಯುತ್ತವೆ. ಅಲ್ಲಿ ಮಗು ರಸ್ತೆಯಲ್ಲೋ ರೈಲು ನಿಲ್ದಾಣದಲ್ಲೋ ಒಂಟಿಯಾಗಿ ಸಿಕ್ಕಿದರೆ ಆ ಜಿಲ್ಲೆಯ ಸಮಿತಿಯ ಮುಂದೆ ಹೋಗುತ್ತದೆ. ಭಾಷೆ ಬಾರದ ಊರು, ಗುರುತಿನವರಿಲ್ಲ. ಆಗ ನೀವು, 'ಪ್ರಕರಣವನ್ನು ಬಾಗಲಕೋಟೆಯ ಸಮಿತಿಗೆ ವರ್ಗಾಯಿಸಿ' ಎಂದು ಕೇಳಬಹುದು. ಕಾಯ್ದೆಯ 95ನೆಯ ಕಲಮು ಅದಕ್ಕಾಗಿಯೇ ಇದೆ. ಮಗುವನ್ನು ಕರೆತರುವ ಖರ್ಚು ಸರಕಾರದ್ದು, ಹೆಣ್ಣು ಮಗುವಾದರೆ ಜೊತೆಯಲ್ಲಿ ಮಹಿಳಾ ಸಿಬ್ಬಂದಿ ಇರಬೇಕು. ಸಣ್ಣ ಮಕ್ಕಳ ವಿಷಯದಲ್ಲಿ ತಡ ಮಾಡಲೇಬೇಡಿ. ತಂದೆತಾಯಿ ಪತ್ತೆಯಾಗದಿದ್ದರೆ ಎರಡು ವರ್ಷದೊಳಗಿನ ಮಗುವನ್ನು ಎರಡು ತಿಂಗಳೊಳಗೆ, ಅದಕ್ಕಿಂತ ದೊಡ್ಡ ಮಗುವನ್ನು ನಾಲ್ಕು ತಿಂಗಳೊಳಗೆ ದತ್ತು ಕೊಡಲು ಮುಕ್ತವೆಂದು ಸಾರಬಹುದು.

ಮದ್ರಸಕ್ಕೆ ಮಕ್ಕಳನ್ನು ದೂರದೂರಿಗೆ ಕಳಿಸುವವರು 2023ರ ಮೇ 30ರ ಘಟನೆಯನ್ನು ನೆನಪಿಡಬೇಕು. ಬಿಹಾರದಿಂದ ಮಹಾರಾಷ್ಟ್ರದ ಸಾಂಗ್ಲಿ ಕಡೆಯ ಮದ್ರಸಕ್ಕೆ ಹೊರಟಿದ್ದ 59 ಮಕ್ಕಳನ್ನು ಭೂಸಾವಳ ಮತ್ತು ಮನ್ಮಾಡ್ ನಿಲ್ದಾಣಗಳಲ್ಲಿ ಇಳಿಸಿಕೊಳ್ಳಲಾಯಿತು. ಮಕ್ಕಳ ಸಾಗಾಟದ ಆರೋಪ ಹೊರಿಸಿ ಐವರನ್ನು ಬಂಧಿಸಿದರು. ಮಕ್ಕಳು 12 ದಿನ ಆಶ್ರಯಧಾಮಗಳಲ್ಲಿ ಕಳೆದರು. ತಪ್ಪು ತಿಳುವಳಿಕೆಯಿಂದ ಆದದ್ದೆಂದು ಪೊಲೀಸರೇ 2024ರಲ್ಲಿ ಪ್ರಕರಣ ಮುಚ್ಚಿದರು. ಆ ಹನ್ನೆರಡು ರಾತ್ರಿ ಬಿಹಾರದ ತಾಯಂದಿರು ಹೇಗೆ ಕಳೆದಿರಬಹುದು! ಅನ್ಯಾಯವೆಂದು ಹೇಳೋಣ, ಹೇಳಲೇಬೇಕು. ಅದರೊಂದಿಗೆ ಮಗುವಿನ ಕೈಯಲ್ಲಿ ತಂದೆತಾಯಿಯ ಒಪ್ಪಿಗೆ ಪತ್ರ, ಗುರುತಿನ ಚೀಟಿಯ ನಕಲು, ಎರಡು ಫೋನ್ ನಂಬರು, ಮದ್ರಸದ ಪ್ರವೇಶ ಪತ್ರ ಇರಿಸಿ ಕಳಿಸೋಣ. ಮಗುವನ್ನು ಸೇರಿಸುವುದು ಯತೀಮ್‌ಖಾನೆಗಾದರೆ ಅದು ಬಾಲನ್ಯಾಯ ಕಾಯ್ದೆಯಡಿ ನೋಂದಣಿಯಾಗಿದೆಯೇ ಎಂದು ಕೇಳಿ. ಕೇಳಿದರೆ ಬೇಸರಿಸುವವರ ಬಳಿ ಮಗುವನ್ನು ಬಿಡದಿರುವುದೇ ಲೇಸು.

ವಿದೇಶದಲ್ಲಿ ಮಕ್ಕಳಿರುವ ನಮ್ಮವರಿಗೂ ಈ ಭಯ ಹೊಸದಲ್ಲ. 2011ರ ಮೇ ತಿಂಗಳಲ್ಲಿ ನಾರ್ವೆಯ ಮಕ್ಕಳ ರಕ್ಷಣಾ ಇಲಾಖೆ ಸಾಗರಿಕಾ ಚಕ್ರವರ್ತಿ ಎಂಬ ಬಂಗಾಳಿ ತಾಯಿಯ ಎರಡು ಪುಟ್ಟ ಮಕ್ಕಳನ್ನು ಕರೆದೊಯ್ದಿತ್ತು. ಭಾರತ ಸರಕಾರ ಮಧ್ಯೆ ಬಂದ ಮೇಲೆ 2012ರ ಏಪ್ರಿಲ್‌ನಲ್ಲಿ ಮಕ್ಕಳು ಚಿಕ್ಕಪ್ಪನೊಂದಿಗೆ ದೇಶಕ್ಕೆ ಬಂದರು, ಆದರೆ ತಾಯಿಯ ಕೈಗೆ ಸಿಗಲಿಲ್ಲ. ಆಕೆ ಹೋದದ್ದು ಬರ್ಧಮಾನ ಜಿಲ್ಲೆಯ ಮಕ್ಕಳ ಕಲ್ಯಾಣ ಸಮಿತಿಗೆ. ಸಮಿತಿ ಆಕೆಯ ಪರವಾಗಿ ಹೇಳಿತು, 2013ರ ಜನವರಿಯಲ್ಲಿ ಕಲ್ಕತ್ತಾ ಹೈಕೋರ್ಟಿನ ಆದೇಶದಂತೆ ಮಕ್ಕಳು ತಾಯಿಯನ್ನು ಸೇರಿದರು. ಬರ್ಧಮಾನದ್ದೂ ಬಾಗಲಕೋಟೆಯದ್ದೂ ಒಂದೇ ಬಗೆಯ ಸಮಿತಿ ಎಂಬುದನ್ನು ಗಮನಿಸಿ.

ಸಹಿಗೆ ಮುನ್ನ

ಒಂದು ಕಾಗದದ ಬಗ್ಗೆ ಮಾತ್ರ ವಿಶೇಷ ಎಚ್ಚರ ಬೇಕು. ಅದು ಮಗುವನ್ನು 'ಒಪ್ಪಿಸುವ' ಪತ್ರ. ವಿಧವೆಯೋ ಗಂಡ ಬಿಟ್ಟವಳೋ ಆದ ತಾಯಿಗೆ, 'ಸಾಕಲು ಆಗುವುದಿಲ್ಲವೆಂದು ಬರೆದುಕೊಡು, ಮಗು ಹಾಸ್ಟೆಲಿನಲ್ಲಿ ಓದಿಕೊಂಡಿರುತ್ತದೆ' ಎಂದು ಯಾರಾದರೂ ಹೇಳಿದರೆ, ಅದು ಹಾಸ್ಟೆಲಿನ ಅರ್ಜಿಯೋ ಮಗುವಿನ ಮೇಲಿನ ಹಕ್ಕನ್ನೇ ಬಿಟ್ಟುಕೊಡುವ ಪತ್ರವೋ ಎಂದು ಓದಬಲ್ಲವರಿಂದ ಓದಿಸಿ. ಸಹಿ ಹಾಕಿಬಿಟ್ಟಿದ್ದರೂ ಮನಸ್ಸು ಬದಲಿಸಲು ಕಾಯ್ದೆ ಎರಡು ತಿಂಗಳ ಸಮಯ ಕೊಟ್ಟಿದೆ. ಅಷ್ಟರೊಳಗೆ ಸಮಿತಿಗೆ ಹೋಗಿ, ನನ್ನ ಮಗು ನನಗೆ ಬೇಕು ಎಂದು ಬರೆದುಕೊಡಿ. ಅದು ದಾಟಿದ ಮೇಲೆ ಬಾಗಿಲು ಮುಚ್ಚಿಬಿಡುತ್ತದೆ.

ನಿಜವಾಗಿ ಸಾಕಲಾಗದಷ್ಟು ಕಷ್ಟವಿದ್ದರೆ ಮಗುವನ್ನು ಕೊಡುವ ಮೊದಲು ಹಣ ಕೇಳಿ. ಹೌದು, ಹಣವನ್ನೇ ಕೇಳಿ. 'ಮಿಷನ್ ವಾತ್ಸಲ್ಯ'ದ ಪ್ರಾಯೋಜಕತ್ವ ಎಂಬ ಯೋಜನೆಯಲ್ಲಿ ವಿಧವೆ, ತಲಾಕ್ ಆದವಳು, ಗಂಡ ಬಿಟ್ಟುಹೋದವಳು, ಮಾರಕ ಕಾಯಿಲೆಯ ಪೋಷಕರು ಇಂಥವರ ಮಗುವಿಗೆ ತಿಂಗಳಿಗೆ 4,000 ರೂಪಾಯಿ ಸಿಗುತ್ತದೆ. ಕುಟುಂಬದ ವಾರ್ಷಿಕ ಆದಾಯ ಹಳ್ಳಿಯಲ್ಲಿ 72,000, ಪಟ್ಟಣದಲ್ಲಿ 96,000 ರೂಪಾಯಿ ಮೀರಿರಬಾರದು. ಅರ್ಜಿ ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ. ಮಗುವನ್ನು ಮರಳಿ ಪಡೆದ ತಾಯಿಯೂ ಇದನ್ನು ಕೇಳಬಹುದು. ಗ್ಯಾರೇಜಿನಿಂದ ಬಿಡಿಸಿಕೊಂಡು ಬಂದ ಹುಡುಗನಾದರೆ ಅವನ ಹೆಸರಿನಲ್ಲಿ ಬರಬೇಕಾದ ಪುನರ್ವಸತಿ ನಿಧಿಯ ಹಣದ ಬಗ್ಗೆಯೂ ವಿಚಾರಿಸಿ, ಮಾಲೀಕನ ದಂಡ ಮತ್ತು ಸರಕಾರದ 15,000 ರೂಪಾಯಿ ಅವನ ಖಾತೆಗೆ ಸೇರಬೇಕು.

ಮಗು ಮನೆಗೆ ಬಂದ ಮೊದಲ ವಾರ ಅದನ್ನು ಬೈಯಬೇಡಿ, ಓಣಿಯವರ ಮುಂದೆ ನಿಲ್ಲಿಸಿ 'ಅಲ್ಲಿ ಏನು ಕೊಡುತ್ತಿದ್ದರು, ಹೊಡೆದರಾ' ಎಂದು ವಿಚಾರಣೆ ಮಾಡಬೇಡಿ. ಸಮಿತಿಯ ಕಡೆಯವರು ಮತ್ತೆ ನೋಡಲು ಬರಬಹುದು, ಬಂದರೆ ಚಹಾ ಕೊಟ್ಟು ಕೂರಿಸಿ. ಮರುದಿನವೇ ಮಗುವನ್ನು ಕರೆದುಕೊಂಡು ಶಾಲೆಗೆ ಹೋಗಿ, ಹಾಜರಿ ಪುಸ್ತಕದಲ್ಲಿ ಹೆಸರು ಇನ್ನೂ ಇದೆಯೇ ಎಂದು ಹೆಡ್‌ಮಾಸ್ತರರನ್ನು ಕೇಳಿ, ಆ ಹೆಸರಿನ ಅಕ್ಷರಗಳನ್ನೂ ಒಮ್ಮೆ ಓದಿಸಿ ನೋಡಿ.